ಹುಣ್ಣಿನ ಫೋಟೋ

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಹೋದ ಆಷಾಢದಲ್ಲಿ ಅವರ ಹೆಬ್ಬೆರಳ ಬುಡದಲ್ಲಿ ಸಣ್ಣ ಹುಣ್ಣಾಯಿತು. "ನೋವೇನಿಲ್ಲ ಬಿಡೇ" ಅಂದರು. ಮಳೆಯಲ್ಲಿ ಅವರನ್ನು ಎಲ್ಲಿ ಎಳಕೊಂಡು ಹೋಗುವುದೆಂದು ಫೋಟೋ ತೆಗೆದು ನಮ್ಮ ಡಾಕ್ಟರಿಗೆ ವಾಟ್ಸಾಪ್ ಮಾಡಿದೆ. ಆಗ ರಾತ್ರಿ ಹತ್ತೂವರೆ. ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. "ಫೀಸು ಸಿಗಲ್ಲ ಅಂತ ನೋಡಿಯೂ ಸುಮ್ಮನಿದ್ದಾರೆ!" ಎಂದು ಯಜಮಾನರ ಮುಂದೆ ಗೊಣಗಿದೆ.

ಬೆಳಿಗ್ಗೆ ಏಳಕ್ಕೇ ಡಾಕ್ಟರು ಫೋನ್ ಮಾಡಿ, "ಇವತ್ತೇ ಕರಕೊಂಡು ಬನ್ನಿ" ಅಂದರು. ಹೋದೆವು. ಸ್ಟೀಲಿನ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿದರೆ ಒಳಗೆಲ್ಲ ಕೀವು! ಅತ್ತೆಗೆ ಮುಟ್ಟಿದ್ದೇ ತಿಳಿಯಲಿಲ್ಲ.

"ನೋವಿಲ್ಲದ್ದೇ ಅಪಾಯ ಕಣಮ್ಮ. ಸಕ್ಕರೆಯಿಂದ ನರ ಮರಗಟ್ಟಿರುತ್ತೆ. ಫೋಟೋದಲ್ಲಿ ಆಳ ಕಾಣಲ್ಲ, ವಾಸನೆ ಬರಲ್ಲ. ಅಂದಾಜಿನಲ್ಲಿ ಮಾತ್ರೆ ಬರೆದು ಬೆರಳು ಹೋದರೆ ಯಾರು ಹೊಣೆ?" ಎಂದರು. ನನ್ನ ಮುಖ ಸಣ್ಣದಾಯಿತು.

ಹಾಗಂತ ಫೋನೇ ಬೇಡವೆಂದಲ್ಲ. 2020ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ರಕಟಿಸಿದ ನಿಯಮದಂತೆ ಡಾಕ್ಟರು ವಾಟ್ಸಾಪ್‌ನಲ್ಲೂ ಸಲಹೆ ಕೊಡಬಹುದು, ಅದಕ್ಕೆ ಫೀಸನ್ನೂ ಕೇಳಬಹುದು. ಆದರೆ ರೋಗಿಯನ್ನು ಕಣ್ಣಾರೆ ನೋಡಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಈಗ ನಾನು ಸಕ್ಕರೆಯ ಲೆಕ್ಕ ಮಾತ್ರ ಕಳಿಸುತ್ತೇನೆ, ಅದೂ ಹಗಲು ಹೊತ್ತು, ಅತ್ತೆ ನುಂಗುವ ಮಾತ್ರೆಗಳ ಹೆಸರಿನ ಸಮೇತ. ಹುಣ್ಣು, ಎದೆನೋವು, ಉಬ್ಬಸಕ್ಕೆಲ್ಲ ನೇರ ಆಸ್ಪತ್ರೆಗೇ.

ಬೆರಳು ಉಳಿಯಿತು. ದಿನಾ ರಾತ್ರಿ ಅತ್ತೆ ಕಾಲು ಚಾಚಿ, "ನೋಡೇ, ಏನಾದ್ರೂ ಆಗಿದೆಯಾ?" ಅನ್ನುತ್ತಾರೆ. ನಾನು ಟಾರ್ಚು ಹಿಡಿದು ಬೆರಳ ಸಂದಿಯನ್ನೆಲ್ಲ ನೋಡುತ್ತೇನೆ.