ಕಣ್ಣಿಲ್ಲದ ದ್ವಾರಪಾಲಕನು

ಬಾಗಿಲೆಂಬುದು ಎರಡು ಕಾರ್ಯಗಳಿಗಾಗಿ ಏರ್ಪಟ್ಟಿದೆ. ಬರತಕ್ಕವರಿಗೆ ದಾರಿ ಕೊಡುವುದು ಒಂದು. ಬರಬಾರದವರನ್ನು ತಡೆಯುವುದು ಮತ್ತೊಂದು. ಇವರಾರು ಅವರಾರು ಎಂದು ತಿಳಿಯತಕ್ಕ ವಿವೇಕವು ಬಾಗಿಲಿಗಿಲ್ಲ; ಅದನ್ನು ಕಾಯುವವನಿಗೆ ಇರಬೇಕು. ವೈಕುಂಠದ ದ್ವಾರಪಾಲಕರಾದ ಜಯವಿಜಯರಿಗೇ ಒಮ್ಮೆ ಆ ವಿವೇಕವು ತಪ್ಪಿತೆಂದು ಭಾಗವತವು ಹೇಳುತ್ತದೆ. ಐದು ವರ್ಷದ ಬಾಲಕರಂತೆ ಕಾಣುತ್ತಿದ್ದ ಸನಕಾದಿಗಳನ್ನು ಅವರು ಗುರುತಿಸದೆ ಹೋದರು. ಅದರ ಫಲವನ್ನು ಮೂರು ಜನ್ಮಗಳಲ್ಲಿ ಉಂಡರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಈ ಕಥೆಯನ್ನು ಹುಡುಗರಿಗೆ ಪಾಠ ಹೇಳಿದ ನಾವು, ನಿವೃತ್ತರಾದ ವರ್ಷವೇ ನಮ್ಮ ಮನೆಯ ಬಾಗಿಲಲ್ಲಿ ಅಂತಹುದೇ ತಪ್ಪನ್ನು ಮಾಡಿದೆವು. ಅದನ್ನು ಮುಚ್ಚಿಡದೆ ಬರೆದಲ್ಲಿ ನಮ್ಮಂತಹ ಇತರ ಗೃಹಸ್ಥರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಈ ಲೇಖನವನ್ನು ಆರಂಭಿಸಿದ್ದೇವೆ.

ನಮ್ಮ ಮನೆಯು ಮೈಸೂರಿನಲ್ಲಿದೆ. ಮನೆಯ ಮುಂದೆ ಹನ್ನೆರಡು ಅಡಿ ಅಗಲದ ಕಬ್ಬಿಣದ ಗೇಟು. ನೆಲದಲ್ಲಿ ಹೂಳಿದ ಹಳಿಯ ಮೇಲೆ ಪಕ್ಕಕ್ಕೆ ಸರಿಯತಕ್ಕದ್ದು. ನಮ್ಮ ಗೃಹಿಣಿಗೆ ಮೊಣಕಾಲಿನ ಬೇನೆ. ಅದನ್ನು ನೂಕುವುದು ಆಕೆಗೆ ಅಸಾಧ್ಯವಾಯಿತು; ನಮಗೂ ಸುಲಭವಾಗಿರಲಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಮಗನು ಇದನ್ನು ಕಂಡು, ಗೇಟಿಗೆ ವಿದ್ಯುತ್ತಿನ ಮೋಟಾರನ್ನು ಹಾಕಿಸಿರೆಂದು ಹಣವನ್ನು ಕಳುಹಿಸಿದನು. ದಸರೆಯ ಮುನ್ನಾ ದಿನಗಳಲ್ಲಿ ಒಬ್ಬ ಕೆಲಸಗಾರನು ಬಂದು ಒಂದೇ ಹಗಲಿನಲ್ಲಿ ಎಲ್ಲವನ್ನೂ ಜೋಡಿಸಿದನು. ಗೇಟಿನ ಕೆಳಭಾಗದಲ್ಲಿ ಉದ್ದಕ್ಕೂ ಹಲ್ಲುಗಳುಳ್ಳ ಒಂದು ಪಟ್ಟಿ. ಮೋಟಾರಿನ ಹಲ್ಲುಗಾಲಿಯು ಅದನ್ನು ಕಚ್ಚಿಕೊಂಡು ತಿರುಗಿದರೆ ಗೇಟು ಸರಿಯುತ್ತದೆ. ಎರಡು ಕೊನೆಗಳಲ್ಲಿಯೂ ಅದನ್ನು ನಿಲ್ಲಿಸುವ ಸ್ವಿಚ್ಚುಗಳು. ಹನ್ನೊಂದನೆಯ ಶತಮಾನದಲ್ಲಿಯೇ ಭೋಜರಾಜನು ಸಮರಾಂಗಣಸೂತ್ರಧಾರದಲ್ಲಿ ಮರದ ದ್ವಾರಪಾಲಕಯಂತ್ರವನ್ನು ವರ್ಣಿಸಿದ್ದಾನೆಂದು ನಾವು ಆ ಕೆಲಸಗಾರನಿಗೆ ಬಹಳ ಹೊತ್ತು ವಿವರಿಸಿದೆವು. ಅವನು ವಿನಯದಿಂದ ಕೇಳಿದನು. ಅವನು ಹೇಳಿದ ಮಾತನ್ನು ಮಾತ್ರ ನಾವು ಅಷ್ಟು ವಿನಯದಿಂದ ಕೇಳಲಿಲ್ಲ.

ಅವನು ಹೇಳಿದುದಿಷ್ಟೆ: “ಅಡ್ಡ ಯಾರಾದರೂ ಬಂದರೆ ಗೇಟನ್ನು ನಿಲ್ಲಿಸುವ ಫೋಟೋಸೆಲ್ಲುಗಳೆಂಬವು ಇವೆ, ಅದಕ್ಕೆ ಬೇರೆ ದುಡ್ಡಾಗುತ್ತದೆ, ಹಾಕಲೋ ಬೇಡವೋ?” ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ, ಬೇಡವೆಂದೆವು. ಬಾಗಿಲೆಂಬುದು ನಮ್ಮ ಮನೆಯವರಿಗೆ ಮಾತ್ರ ಇರುವುದಲ್ಲ, ಬೀದಿಗೂ ಸೇರಿದ್ದೆಂಬುದು ಆಗ ನಮಗೆ ಹೊಳೆಯಲಿಲ್ಲ. ಇಲ್ಲಿಗೇ ಮುಗಿಯಲಿಲ್ಲ. ಮಳೆ ಬಂದು ಹಳಿಯಲ್ಲಿ ಮರಳು ತುಂಬಿದ ಮೇಲೆ ಗೇಟು ಅರ್ಧ ದಾರಿಯಲ್ಲಿ ನಿಂತು ಹಿಂದಕ್ಕೆ ಸರಿಯತೊಡಗಿತು. ಮತ್ತೆ ಅವನನ್ನು ಕರೆಸಿದೆವು. ಮೋಟಾರಿನ ಮುಚ್ಚಳವನ್ನು ತೆಗೆದು ಒಂದು ಸಣ್ಣ ತಿರುಪನ್ನು ತಿರುಗಿಸಿ, ಒತ್ತುವ ಬಲವನ್ನು ಹೆಚ್ಚಿಸಿಕೊಟ್ಟನು. ಗೇಟು ಗುಡುಗುಡನೆ ಓಡಿತು. ನಾವು ಅವನನ್ನು ಹೊಗಳಿ ಕಾಫಿ ಕೊಟ್ಟು ಕಳುಹಿಸಿದೆವು. ಯಂತ್ರವು ತನ್ನ ಕಷ್ಟವನ್ನು ತನಗೆ ಬಂದಂತೆ ಹೇಳಿಕೊಂಡಿತ್ತು. ನಾವು ಹಣ ಕೊಟ್ಟು ಅದರ ಬಾಯನ್ನು ಕಟ್ಟಿಸಿದೆವು.

ಧನುರ್ಮಾಸದ ಒಂದು ಬೆಳಗ್ಗೆ ನಾವು ಜಗಲಿಯಲ್ಲಿ ಕುಳಿತು ಪತ್ರಿಕೆಯನ್ನು ಓದುತ್ತಿದ್ದೆವು. ದಿನವೂ ಹೂವು ತರುವ ಹೆಂಗಸು ಪಕ್ಕದ ಮನೆಯಲ್ಲಿ ಹೂವನ್ನು ಮೊಳ ಹಾಕಿ ಕೊಡುತ್ತಿದ್ದಳು. ಆಕೆಯ ಐದು ವರ್ಷದ ಮಗಳು ನಮ್ಮ ಗೇಟಿನ ಸಲಾಕೆಗಳ ನಡುವೆ ಕೈ ತೂರಿಸಿ ಒಳಗಿದ್ದ ಬೆಕ್ಕಿನ ಮರಿಯನ್ನು ಕರೆಯುತ್ತಿತ್ತು. ಇದನ್ನು ನಾವು ನೋಡಲಿಲ್ಲ. ಬೀದಿಯ ತಿರುವಿನಲ್ಲಿ ಮಗನ ಕಾರಿನ ಹಾರನ್ನು ಕೇಳಿಸಿತು. ತಲೆಯೆತ್ತದೆಯೇ ರಿಮೋಟಿನ ಗುಂಡಿಯನ್ನು ಒತ್ತಿದೆವು. ಗೇಟು ಸರಿಯಿತು. ಸಲಾಕೆಯೊಡನೆ ಮಗುವಿನ ಕೈಯೂ ಸರಿದು, ಸಲಾಕೆಗೂ ಕಲ್ಲಿನ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಆ ಕೂಗು ಈಗಲೂ ನಮ್ಮ ಕಿವಿಯಲ್ಲಿದೆ.

ಗುಂಡಿಯನ್ನು ಮತ್ತೆ ಒತ್ತಿದೆವು; ಗೇಟು ನಿಂತಿತು. ಇನ್ನೊಮ್ಮೆ ಒತ್ತಿದರೆ ಅದು ಹಿಂದಕ್ಕೆ ಬರುವುದೋ ಮುಂದಕ್ಕೆ ಹೋಗುವುದೋ ನಮಗೆ ತಿಳಿಯದು. ಒತ್ತಲು ಧೈರ್ಯ ಬಾರಲಿಲ್ಲ. ಮೆಯಿನ್ ಸ್ವಿಚ್ಚನ್ನು ಆರಿಸಿ ಎಳೆದು ನೋಡಿದೆವು, ಗೇಟು ಅಲುಗಲಿಲ್ಲ. ವಿದ್ಯುತ್ತು ಹೋದರೂ ಮೋಟಾರಿನೊಳಗಣ ಹಲ್ಲುಗಳು ಗೇಟನ್ನು ಬಿಗಿಹಿಡಿದೇ ಇರುತ್ತವೆಂಬುದನ್ನು ನಾವು ಅರಿಯೆವು. ಆ ಹಿಡಿತವನ್ನು ಬಿಡಿಸುವುದಕ್ಕೆಂದೇ ಒಂದು ಬೀಗದ ಕೈ ಇದೆ. ಅದನ್ನು ನಾವು ಜೋಪಾನವಾಗಿ ಬೀರುವಿನಲ್ಲಿ, ಮನೆಯ ಪತ್ರಗಳ ಜೊತೆಯಲ್ಲಿ ಇಟ್ಟಿದ್ದೆವು. ಮೊಣಕಾಲಿನ ಬೇನೆಯಿರುವ ನಮ್ಮ ಗೃಹಿಣಿಯು ಓಡಿಹೋಗಿ ಹುಡುಕಿ ತಂದಳು. ಕಾರನ್ನು ಬೀದಿಯಲ್ಲಿಯೇ ಬಿಟ್ಟು ಗೋಡೆ ಹತ್ತಿ ಬಂದ ಮಗನು ಅದನ್ನು ಹಾಕಿ ತಿರುಗಿಸಿ, ಹಿಡಿಯನ್ನು ಎಳೆದು, ಗೇಟನ್ನು ಹಿಂದಕ್ಕೆ ನೂಕಿದನು. ಮೂರು ನಾಲ್ಕು ನಿಮಿಷಗಳಾಗಿರಬಹುದು. ಮುಂಗೈ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ ಕಟ್ಟಿದ್ದರು. ಈಗ ಕೈ ಸರಿಯಾಗಿದೆ. ಆಸ್ಪತ್ರೆಯ ವೆಚ್ಚವನ್ನು ನಾವು ಕೊಟ್ಟೆವೆಂಬುದು ಹೇಳಿಕೊಳ್ಳತಕ್ಕ ಸಂಗತಿಯಲ್ಲ. ಆ ತಾಯಿಯು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಆ ಮೇಲೆ ನಾವು ಈ ವಿಷಯವನ್ನು ಕುರಿತು ಓದಿದೆವು, ಬಲ್ಲವರನ್ನು ವಿಚಾರಿಸಿದೆವು. ೨೦೧೦ನೆಯ ಇಸವಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿಯೂ ವೇಲ್ಸ್ ದೇಶದ ಬ್ರಿಡ್ಜೆಂಡಿನಲ್ಲಿಯೂ ಒಂದೇ ವಾರದೊಳಗೆ ಆರು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ಇಂತಹ ವಿದ್ಯುತ್ತಿನ ಗೇಟುಗಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ೨೦೨೪ರಲ್ಲಿ ಪುಣೆಯ ಸಮೀಪದ ಪಿಂಪ್ರಿ-ಚಿಂಚವಾಡದಲ್ಲಿ, ಸರಿಯುವ ಕಬ್ಬಿಣದ ಗೇಟು ಕಳಚಿ ಮೇಲೆ ಬಿದ್ದು ಮೂರೂವರೆ ವರ್ಷದ ಹೆಣ್ಣುಮಗುವು ಮೃತವಾಯಿತು. ಅದನ್ನು ನೂಕಿದ್ದು ಮೋಟಾರಲ್ಲ, ಆಡುತ್ತಿದ್ದ ಮಕ್ಕಳ ಕೈ. ನಮಗೆ ಒದಗಿದುದು ಒಂದು ಎಲುಬಿನ ಬಿರುಕಿನಲ್ಲಿಯೇ ಮುಗಿದುದು ನಮ್ಮ ಪುಣ್ಯವಲ್ಲ, ಆ ಮಗುವಿನದು.

ಇನ್ನು ಕಲಿತುದನ್ನು ಹೇಳುವೆವು. ಎರಡನೆಯ ಸಲ ನಾವು ಕರೆಸಿದವರು ಈ ಕೆಲಸವನ್ನು ಚೆನ್ನಾಗಿ ಬಲ್ಲವರು. ಅವರು ಬಂದೊಡನೆ ಮೋಟಾರಿನ ಹಿಡಿತವನ್ನು ಬಿಡಿಸಿ, “ಒಂದು ಕೈಯಿಂದ ನೂಕಿರಿ,” ಎಂದರು. ನಮಗೆ ಎರಡು ಕೈಗಳೂ ಸಾಲಲಿಲ್ಲ. “ಕೈಗೆ ಸರಿಯದ ಗೇಟಿಗೆ ಮೋಟಾರು ಮದ್ದಲ್ಲ,” ಎಂದು ಹಳಿಯನ್ನು ಮಟ್ಟಮಾಡಿಸಿ, ಸವೆದ ಗಾಲಿಗಳನ್ನು ಬದಲಾಯಿಸಿದರು. ಒಳ್ಳೆಯ ಗೇಟು ಬಿಟ್ಟಲ್ಲಿ ನಿಲ್ಲಬೇಕು, ತಾನಾಗಿ ಜಾರಿಹೋಗಬಾರದು. ಹಳಿಯ ಎರಡು ಕೊನೆಗಳಲ್ಲಿಯೂ ನೆಲದಲ್ಲಿ ಭದ್ರವಾಗಿ ಹೂತ ಉಕ್ಕಿನ ತಡೆಗಳಿರಬೇಕು. ಮೇಲ್ಗಡೆಯೂ ಗೇಟು ವಾಲದಂತೆ ಹಿಡಿಯುವ ಗಾಲಿಗಳಿರಬೇಕು. ಸ್ವಿಚ್ಚು ಕೆಟ್ಟರೆ ಗೇಟನ್ನು ಬೀಳದಂತೆ ಉಳಿಸುವುದು ಆ ಉಕ್ಕಿನ ತುಂಡೇ ಹೊರತು ಬೇರೆ ಏನೂ ಅಲ್ಲ.

ಎರಡನೆಯದು ಬಲದ ವಿಷಯ. ಯೂರೋಪಿನಲ್ಲಿ ಇ.ಎನ್. ೧೨೪೫೩ ಎಂಬ ಒಂದು ನಿಯಮವಿದೆ. ಅದರ ಪ್ರಕಾರ, ಗೇಟಿಗೂ ಕಂಬಕ್ಕೂ ನಡುವಣ ತೆರಪು ೫೦೦ ಮಿಲಿಮೀಟರುಗಳಿಗೆ ಇಳಿದ ಮೇಲೆ, ಅಡ್ಡ ಬಂದುದನ್ನು ಗೇಟು ೪೦೦ ನ್ಯೂಟನ್‌ಗಿಂತ ಹೆಚ್ಚಾಗಿ ಒತ್ತಕೂಡದು. ಮುಕ್ಕಾಲು ಸೆಕೆಂಡಿನೊಳಗೆ ಆ ಒತ್ತಡವು ೧೫೦ ನ್ಯೂಟನ್‌ಗೆ ಇಳಿಯಬೇಕು. ೪೦೦ ನ್ಯೂಟನ್ ಎಂದರೆ ಸುಮಾರು ೪೦ ಕಿಲೋಗ್ರಾಮು ಭಾರ, ಎಂದರೆ ಒಬ್ಬ ಹನ್ನೆರಡು ವರ್ಷದ ಹುಡುಗನ ತೂಕ. ಇದನ್ನು ಅಳೆಯುವುದಕ್ಕೆ ತಕ್ಕ ಉಪಕರಣವುಂಟು. ಅದರಿಂದ ಅಳೆದು ತೋರಿಸೆಂದು ಜೋಡಿಸುವವನನ್ನು ಕೇಳತಕ್ಕದ್ದು ಯಜಮಾನನ ಧರ್ಮ. ಗೇಟು ತಡೆದು ತಡೆದು ನಿಲ್ಲುತ್ತಿದ್ದಲ್ಲಿ ಹಳಿಯನ್ನು ಗುಡಿಸಬೇಕು, ತಿರುಪನ್ನು ತಿರುಗಿಸಬಾರದು.

ಮೂರನೆಯದು ಕಣ್ಣು. ಫೋಟೋಸೆಲ್ಲು ಎಂಬುದು ದಾರಿಯ ಅಡ್ಡಲಾಗಿ ಒಂದು ಕಡೆಯಿಂದ ಮತ್ತೊಂದು ಕಡೆಗೆ ಕಣ್ಣಿಗೆ ಕಾಣದ ಅತಿರಕ್ತ ಕಿರಣವನ್ನು ಬಿಡುತ್ತದೆ. ಕಿರಣ ಕಡಿದರೆ ಮೋಟಾರು ನಿಲ್ಲುತ್ತದೆ ಅಥವಾ ಹಿಂದಿರುಗುತ್ತದೆ. ಚಿಕ್ಕ ಮಕ್ಕಳನ್ನು ಕಾಣುವಷ್ಟು ತಗ್ಗಿನಲ್ಲಿ ಅದನ್ನು ಇಡಬೇಕು. ಆದರೆ ಒಂದು ಜೋಡಿ ಕಣ್ಣನ್ನು ಇಟ್ಟು ನಿಶ್ಚಿಂತರಾಗಬಾರದು. ಸಾಮಾನ್ಯವಾಗಿ ಅದನ್ನು ಗೇಟು ಮುಚ್ಚುವಾಗ ಮಾತ್ರ ಕೆಲಸ ಮಾಡುವಂತೆ ಜೋಡಿಸುವರು. ತೆರೆಯುವಾಗ ಅದು ಕುರುಡು. ಮುಚ್ಚುವಾಗಲೇ ಅಪಾಯವೆಂದು ಎಲ್ಲರೂ ಭಾವಿಸುವರು. ನಮ್ಮಲ್ಲಿ ಅನರ್ಥವಾದುದು ತೆರೆಯುವಾಗ. ಆದ್ದರಿಂದ ಸಲಾಕೆಗಳ ಮೇಲೆ ಬೆರಳು ತೂರದಂತಹ ಸಣ್ಣ ಕಣ್ಣಿನ ಬಲೆಯನ್ನು ಹೊಡೆಸಿದೆವು. ಗೇಟಿನ ಮುಂಚೂಣಿಗೂ, ಅದು ಒಳಸೇರುವ ಕಡೆಯ ಕಂಬಕ್ಕೂ, ತಾಕಿದೊಡನೆ ಮೋಟಾರನ್ನು ನಿಲ್ಲಿಸಿ ಹಿಂದಿರುಗಿಸುವ ರಬ್ಬರಿನ ಅಂಚನ್ನು ಹಾಕಿಸಿದೆವು. ಮೊದಲು ಉಳಿಸಿದ ಹಣಕ್ಕಿಂತ ಹಲವು ಪಾಲು ಹೆಚ್ಚಾಗಿ ಈಗ ಕೊಟ್ಟೆವು.

ನಾಲ್ಕನೆಯದು ವಿದ್ಯುತ್ತು. ಗೇಟು ಮಳೆಯಲ್ಲಿ ನೆನೆಯುವ ಕಬ್ಬಿಣವೆಂಬುದನ್ನು ಮರೆಯಕೂಡದು. ಅದರ ತಂತಿಗೆ ಬೇರೆಯೇ ಒಂದು ಎಂ.ಸಿ.ಬಿ. ಇರಬೇಕು, ೩೦ ಮಿಲಿಆಂಪಿಯರಿನ ಸೋರಿಕೆಗೆ ಕಡಿದುಹೋಗುವ ಆರ್.ಸಿ.ಸಿ.ಬಿ. ಇರಬೇಕು, ಮೋಟಾರಿಗೆ ಸರಿಯಾದ ಅರ್ಥಿಂಗ್ ಇರಬೇಕು, ತಂತಿಯು ನೆಲದಡಿಯಲ್ಲಿ ಕೊಳವೆಯೊಳಗೆ ಬರಬೇಕು. ನಮ್ಮಲ್ಲಿ ಅದು ಗೋಡೆಯ ಮೇಲೆ ಜೋತಾಡುತ್ತಿತ್ತು. ಅದರ ಕೆಳಗಿನಿಂದ ನಾವು ದಿನವೂ ತುಳಸಿಗೆ ನೀರೆರೆಯಲು ಹೋಗುತ್ತಿದ್ದೆವು. ಮುಚ್ಚಳವನ್ನು ತೆಗೆಯುವ ಮೊದಲು ಸ್ವಿಚ್ಚನ್ನು ಆರಿಸತಕ್ಕದ್ದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತಂತಿಯ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಬುದ್ಧಿವಂತನಾದ ಮಗನಿಗೂ ಬಿಡಕೂಡದು.

ಕೊನೆಯದು ಮನೆಯವರ ಅಭ್ಯಾಸ. ಗೇಟು ತಾನಾಗಿ ಮುಚ್ಚಿಕೊಳ್ಳುವ ಏರ್ಪಾಟನ್ನು ನಾವು ತೆಗೆಸಿದೆವು. ಕಣ್ಣಿಗೆ ಗೇಟು ಪೂರ್ತಿಯಾಗಿ ಕಾಣದೆ ರಿಮೋಟನ್ನು ಒತ್ತಬಾರದು. ಒತ್ತಿದ ಮೇಲೆ ಅದು ನಿಲ್ಲುವ ತನಕ ಬೇರೆಡೆ ನೋಡಬಾರದು. ಎರಡನೆಯ ಸಲ ಒತ್ತಿದರೆ ಏನಾಗುವುದು, ಮೂರನೆಯ ಸಲ ಏನಾಗುವುದು ಎಂಬುದನ್ನು ಅಪಾಯ ಬರುವ ಮೊದಲೇ ಒತ್ತಿ ನೋಡಿ ತಿಳಿದಿರಬೇಕು. ಗೋಡೆಗೆ ಹಾಕುವ ಗುಂಡಿಯು ಗೇಟಿನಿಂದ ಆರು ಅಡಿಗಾದರೂ ದೂರವಿರಬೇಕೆಂದು ಅಮೆರಿಕೆಯ ಯು.ಎಲ್. ೩೨೫ ಎಂಬ ನಿಯಮವು ಹೇಳುತ್ತದೆ. ಗೇಟಿನ ಸಂದಿಯಿಂದ ಕೈಚಾಚಿ ಯಾರೂ ಅದನ್ನು ಒತ್ತಬಾರದೆಂಬುದು ತಾತ್ಪರ್ಯ. ಮೋಟಾರಿನ ಗೇಟು ವಾಹನಗಳಿಗೆ ಮಾತ್ರ, ನಡೆದು ಬರುವವರಿಗೆ ಬೇರೆ ಬಾಗಿಲು ಬೇಕೆಂಬುದೂ ಅದೇ ನಿಯಮದ ಆಶಯ. ಅದರಂತೆ ಪಕ್ಕದ ಗೋಡೆಯನ್ನು ಒಡೆಸಿ, ಕೈಯಿಂದ ತೆರೆಯುವ ಒಂದು ಸಣ್ಣ ಬಾಗಿಲನ್ನು ಇಡಿಸಿದೆವು.

ಹಿಡಿತವನ್ನು ಬಿಡಿಸುವ ಬೀಗದ ಕೈಯು ಈಗ ಬೀರುವಿನಲ್ಲಿಲ್ಲ. ಜಗಲಿಯ ಬಾಗಿಲವಾಡದ ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ್ದೇವೆ. ನಮ್ಮ ಗೃಹಿಣಿಗೂ, ಕೆಲಸದಾಕೆಗೂ, ಪಕ್ಕದ ಮನೆಯವರಿಗೂ ಅದನ್ನು ಹಾಕಿ ತಿರುಗಿಸುವುದನ್ನು ಕಲಿಸಿದ್ದೇವೆ. ಪ್ರತಿ ತಿಂಗಳ ಮೊದಲನೆಯ ದಿನ ಹಳಿಯನ್ನು ಗುಡಿಸಿ, ಕಿರಣಕ್ಕೆ ಅಡ್ಡಲಾಗಿ ಒಂದು ರಟ್ಟಿನ ತುಂಡನ್ನು ಹಿಡಿದು, ರಬ್ಬರಿನ ಅಂಚಿಗೆ ಒಂದು ಮರದ ದಿಮ್ಮಿಯನ್ನು ಒಡ್ಡಿ, ಬೀಗದ ಕೈಯನ್ನು ಒಮ್ಮೆ ತಿರುಗಿಸಿ ನೋಡುತ್ತೇವೆ. ಕಾಲು ಗಂಟೆಯ ಕೆಲಸ.

ಹೂವಿನಾಕೆಯು ಈಗಲೂ ಬರುತ್ತಾಳೆ; ಸಣ್ಣ ಬಾಗಿಲಿನಿಂದ ಒಳಗೆ ಬಂದು ಹೂವನ್ನು ಕೊಟ್ಟು ಹೋಗುತ್ತಾಳೆ. ಮಗುವು ಬರುತ್ತದೆ, ಆದರೆ ಬೀದಿಯ ಆಚೆಯ ಬದಿಯಲ್ಲಿಯೇ ನಿಲ್ಲುತ್ತದೆ. ಈಗ ಭಯವಿಲ್ಲ, ಬಾ ಎಂದು ನಾವು ಕರೆಯುವುದಿಲ್ಲ. ಬೆಕ್ಕಿನ ಮರಿಯನ್ನು ಎತ್ತಿಕೊಂಡು ನಾವೇ ಬೀದಿಯನ್ನು ದಾಟಿ ಹೋಗುತ್ತೇವೆ.