ಆರು ದಿನಗಳ ಕೊರತೆ

ನಾನು ವೃತ್ತಿಯಿಂದ ಗುಮಾಸ್ತ. ಬೆಂಗಳೂರಿನ ಸಣ್ಣದೊಂದು ಮುದ್ರಣಾಲಯದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷಗಳಿಂದ ಪರರ ಸಂಬಳವನ್ನು ಕಾಸು ತಪ್ಪದಂತೆ ಬರೆಯುತ್ತ ಬಂದವನು, ನನ್ನ ಸಂಬಳದಲ್ಲಿ ತಿಂಗಳಿಗೆ ೧೩೫ ರೂಪಾಯಿಯನ್ನು ಇ.ಎಸ್.ಐ. ಎಂದು ಕಳೆಯುವಾಗ ಮಾತ್ರ ಮನಸ್ಸಿನಲ್ಲಿಯೇ ಗೊಣಗುತ್ತಿದ್ದೆ. ವಿಮಾ ಔಷಧಾಲಯದ ಸಾಲಿನಲ್ಲಿ ನಿಲ್ಲುವುದು ನಮ್ಮಂಥವರಿಗಲ್ಲ ಎಂಬ ಬಿಗುಮಾನ. ಮಧ್ಯಮ ವರ್ಗದವನಿಗೆ ಹಣದ ಕೊರತೆಯಿದ್ದರೂ ಬಿಗುಮಾನದ ಕೊರತೆಯಿಲ್ಲವಷ್ಟೆ!

ಆ ಬಿಗುಮಾನವನ್ನು ಇಳಿಸಲು ಒಂದು ಮಹಾಮಾರಿಯೇ ಬರಬೇಕಾಯಿತು. ೨೦೨೦ರ ಜುಲೈ ೨೨ರಂದು ಬೆಂಗಳೂರಿನ ಲಾಕ್‌ಡೌನ್ ತೆರವಾಯಿತು. ಕೆಲಸಕ್ಕೆ ಮರಳಿದ ನಾಲ್ಕಾರು ದಿನಗಳಲ್ಲಿಯೇ ನನಗೆ ಜ್ವರ ಹತ್ತಿತು. ಪರೀಕ್ಷೆಯಾಯಿತು, ಕೋವಿಡ್ ಸೋಂಕು ತಗುಲಿದೆಯೆಂದು ಮೊಬೈಲಿಗೆ ಸಂದೇಶ ಬಂದಿತು. ರೋಗ ಲಘುವಾಗಿದ್ದುದರಿಂದ ಮನೆಯಲ್ಲಿಯೇ ಹದಿನೇಳು ದಿನ ಪ್ರತ್ಯೇಕವಾಗಿರಬೇಕೆಂದು ಅಪ್ಪಣೆಯಾಯಿತು. ಬಾಗಿಲಿಗೆ ಸೂಚನಾಪತ್ರ ಅಂಟಿತು. ಹಾಲಿನವನು ಪೊಟ್ಟಣವನ್ನು ಗೇಟಿಗೆ ಸಿಕ್ಕಿಸಿ, ಹಿಂದಿರುಗಿ ನೋಡದೆ ಹೋಗತೊಡಗಿದ.

ಮೊದಲ ದಿನವೇ ಆರೋಗ್ಯ ಇಲಾಖೆಯ ಕಡೆಯಿಂದ ಫೋನು ಬಂದಿತು. "ಕೆಲಸದ ಜಾಗದಲ್ಲಿ ನಿಮ್ಮ ಪಕ್ಕದಲ್ಲಿ ಕೂರುವವರು ಯಾರು?" ಎಂದು ಕೇಳಿದರು. ಬೈಂಡಿಂಗ್ ವಿಭಾಗದ ಹೆಂಗಸಿನ ಹೆಸರನ್ನು ಹೇಳಿದೆ. ನಾವೆಲ್ಲರೂ ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದೆವು. ದಿನಕ್ಕೆ ೪೦೦ ರೂಪಾಯಿ ಕೂಲಿ. ರೋಗದ ಸುಳಿವೂ ಇಲ್ಲದ ಆಕೆ ನನ್ನ ದೆಸೆಯಿಂದ ಹದಿನಾಲ್ಕು ದಿನ ಮನೆಯಲ್ಲಿ ಕುಳಿತಳು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ನಾನು ಮರೆತೆ.

ಕೆಲಸಕ್ಕೆ ಹೋಗದ ದಿನಗಳಿಗೆ ಸಂಬಳವಿಲ್ಲವೆಂಬುದು ನಮ್ಮಲ್ಲಿನ ನಿಯಮ. ಮನೆಯ ಬಾಡಿಗೆ, ಮಗನ ಶಾಲೆಯ ಶುಲ್ಕ ಎರಡೂ ತಲೆಯ ಮೇಲೆ ಕುಳಿತಿದ್ದವು. ಆಗ ನನ್ನಾಕೆ ಅಡುಗೆಮನೆಯಿಂದಲೇ, "ಇ.ಎಸ್.ಐ.ಗೆ ಅರ್ಜಿ ಹಾಕಬಾರದೇನು?" ಎಂದಳು.

"ಸರ್ಕಾರದ ಮುಂದೆ ಕೈಯೊಡ್ಡುವುದೇ?"

"ತಿಂಗಳು ತಿಂಗಳೂ ಅವರಲ್ಲವೇ ನಿಮ್ಮ ಮುಂದೆ ಕೈಯೊಡ್ಡಿದ್ದು?"

ಮುಚ್ಚಿದ ಬಾಗಿಲಿನ ಹಿಂದೆ ಕುಳಿತವನಿಗೆ ಓದಲು ಸಮಯವಿತ್ತು; ಮೊಬೈಲಿನಲ್ಲಿಯೇ ನಿಯಮಗಳನ್ನು ಓದಿದೆ. ೧೯೪೪ರಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರು ಸಲ್ಲಿಸಿದ ವರದಿಯ ತಳಹದಿಯ ಮೇಲೆ ೧೯೪೮ರಲ್ಲಿ ಕಾಯಿದೆಯಾಗಿ, ೧೯೫೨ರ ಫೆಬ್ರವರಿ ೨೪ರಂದು ಕಾನ್ಪುರದಲ್ಲಿ ಪಂಡಿತ ನೆಹರೂ ಅವರಿಂದ ಉದ್ಘಾಟನೆಗೊಂಡ ಯೋಜನೆಯಿದು. ೨೦೨೦ರಲ್ಲಿ ತಿಂಗಳಿಗೆ ೨೧,೦೦೦ ರೂಪಾಯಿಯವರೆಗೆ ಸಂಬಳವಿದ್ದವರು ಇದರ ವ್ಯಾಪ್ತಿಗೆ ಬರುತ್ತಿದ್ದರು. ನನ್ನ ೧೮,೦೦೦ಕ್ಕೆ ನಾನು ೧೩೫ ಕೊಟ್ಟರೆ, ಯಜಮಾನರು ೫೮೫ ಸೇರಿಸುತ್ತಿದ್ದರು. ಕಾಯಿಲೆ ಬಿದ್ದರೆ ಸರಾಸರಿ ದಿನಗೂಲಿಯ ನೂರಕ್ಕೆ ೭೦ರಷ್ಟು, ವರ್ಷಕ್ಕೆ ೯೧ ದಿನಗಳವರೆಗೆ ದೊರೆಯುತ್ತಿತ್ತು. ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಷರತ್ತು ಒಂದೇ: ಗೊತ್ತುಪಡಿಸಿದ ಹಿಂದಿನ ಆರು ತಿಂಗಳಲ್ಲಿ ಕಡಮೆಯೆಂದರೆ ೭೮ ದಿನಗಳ ವಂತಿಗೆ ಸಂದಿರಬೇಕು. ಜುಲೈಯಿಂದ ಡಿಸೆಂಬರಿನೊಳಗೆ ಮಲಗಿದವನಿಗೆ ಅದರ ಹಿಂದಿನ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಲೆಕ್ಕ. ಲಾಕ್‌ಡೌನಿಗೆ ಮುಂಚಿನ ಆ ತಿಂಗಳುಗಳಲ್ಲಿ ನನ್ನ ಪುಸ್ತಕ ಭರ್ತಿಯಾಗಿಯೇ ಇತ್ತು.

ಹದಿನೇಳು ದಿನ ಕಳೆದ ಮೇಲೆ ವೈದ್ಯರ ಪ್ರಮಾಣಪತ್ರವನ್ನೂ ತುಂಬಿದ ಅರ್ಜಿಯನ್ನೂ ಹಿಡಿದು ಶಾಖಾ ಕಚೇರಿಗೆ ಹೋದೆ. ಗಾಜಿನ ಹಿಂದಿದ್ದ ತರುಣ ಅರ್ಜಿಯನ್ನು ನೋಡಿ, "ಸಾರ್, ವಿಮಾ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇಲ್ಲಿ ಊರಿನ ಇನಿಷಿಯಲ್ ಬಿಟ್ಟುಹೋಗಿದೆ. ಇದನ್ನು ತುಂಬಿದ ಗುಮಾಸ್ತ ಯಾರು?" ಎಂದು ಕೇಳಿದ. ತುಂಬಿದವನು ನಾನೇ. ಮುಖಗವಸು ನನ್ನ ಮಾನವನ್ನು ಕಾಪಾಡಿತು. ತಿದ್ದುಪಡಿ ಮುಗಿದು, ಹದಿನೈದು ದಿನಗಳಿಗೆ ದಿನಕ್ಕೆ ೪೨೦ರಂತೆ ೬,೩೦೦ ರೂಪಾಯಿ ಬ್ಯಾಂಕಿಗೆ ಬಂದು ಬಿದ್ದಿತು. ಬಾಡಿಗೆ ಕೊಟ್ಟಾಗ, ಅದು ಭಿಕ್ಷೆಯಲ್ಲ, ನನ್ನದೇ ಗಂಟು ಎಂಬ ಅರಿವು ಮೂಡಿತು. ಈ ಜ್ಞಾನೋದಯವನ್ನು ಮುದ್ರಣಾಲಯದಲ್ಲಿ ಎಲ್ಲರಿಗೂ ಸಾರಿದೆ. "ನೀವೂ ಹೆದರಬೇಡಿ ಅಕ್ಕ, ಕಷ್ಟಕಾಲಕ್ಕೆ ಆಗುತ್ತದೆ" ಎಂದು ಆಕೆಗೂ ಧೈರ್ಯ ಹೇಳಿದೆ.

೨೦೨೧ರ ಏಪ್ರಿಲ್ ಆರಂಭದಲ್ಲಿ ಎರಡನೆಯ ಅಲೆ ಬಂದಿತು. ಈ ಸಲ ಅಕ್ಕನೇ ಮಲಗಿದಳು. ಮೂರು ವಾರಗಳಲ್ಲಿ ಚೇತರಿಸಿಕೊಂಡಳು. ನನ್ನ ಮಾತನ್ನು ನಂಬಿ ಅರ್ಜಿಗೆ ಬೇಕಾದ ಕಾಗದಗಳನ್ನು ಕಳುಹಿಸಿದಳು. ನಾನು ಉತ್ಸಾಹದಿಂದ ಹಾಜರಿ ಪುಸ್ತಕ ತೆರೆದೆ. ಜನವರಿಯಿಂದ ಜೂನಿನೊಳಗೆ ಮಲಗಿದವರಿಗೆ ನೋಡುವುದು ಹಿಂದಿನ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಲೆಕ್ಕ. ಎಂದರೆ ೨೦೨೦ರ ಆ ಆರು ತಿಂಗಳು! ಏಪ್ರಿಲ್, ಮೇ ತಿಂಗಳುಗಳಲ್ಲಿ ಯಂತ್ರ ತಿರುಗಿರಲಿಲ್ಲ. ಮದುವೆಯ ಕರೆಯೋಲೆಗಳಿಲ್ಲ, ಶಾಲೆಯ ಪುಸ್ತಕಗಳಿಲ್ಲ. ಜೂನಿನಿಂದ ವಾರಕ್ಕೆ ಐದೇ ದಿನ ಕೆಲಸ. ಜುಲೈಯಲ್ಲಿ ಲಾಕ್‌ಡೌನ್ ಐದು ದಿನಗಳನ್ನು ನುಂಗಿತ್ತು. ಬೆರಳಿಟ್ಟು ಕೂಡಿದೆ: ೭೨ ದಿನ. ಮತ್ತೊಮ್ಮೆ ಕೂಡಿದರೂ ಅಷ್ಟೇ. ಆರು ದಿನಗಳ ಕೊರತೆ.

ಆಗ ಕಣ್ಣಿಗೆ ಬಿದ್ದಿತು, ಆಗಸ್ಟ್ ಸುಮಾರಿನ ಎರಡು ವಾರಗಳಲ್ಲಿ ಸಾಲಾಗಿ ಬರೆದ ಹತ್ತು 'ಗೈರು'. ಅಕ್ಷರ ನನ್ನದು. ನನ್ನ ರೋಗದ ದೆಸೆಯಿಂದ ಆಕೆ ಮನೆಯಲ್ಲಿ ಕುಳಿತ ದಿನಗಳು. ಗುಣಮುಖನಾಗಿ ಬಂದವನು, ಖಾಲಿ ಬಿಟ್ಟಿದ್ದ ಮನೆಗಳನ್ನು ಒಂದೇ ಉಸಿರಿನಲ್ಲಿ ತುಂಬಿದ್ದೆ. ಯಜಮಾನರಿಗೆ ಒಂದು ಮಾತು ಹೇಳಿದ್ದರೆ ಅವರು ಆ ದಿನಗಳಿಗೆ ಕೂಲಿ ಕೊಡುತ್ತಿದ್ದರೇನೋ. ಕೂಲಿ ಸಂದ ದಿನವೆಲ್ಲ ಲೆಕ್ಕಕ್ಕೆ ಸೇರುತ್ತಿತ್ತು. ನಾನು ಹೇಳಲಿಲ್ಲ. ಆ ವಾರಗಳಲ್ಲಿ ನನ್ನ ೬,೩೦೦ ರೂಪಾಯಿಯ ಚಿಂತೆಯಲ್ಲಿಯೇ ಮುಳುಗಿದ್ದೆ. ಆಕೆಗೆ ಸಲ್ಲಬಹುದಾಗಿದ್ದುದು ಹತ್ತೊಂಬತ್ತು ದಿನಗಳಿಗೆ ೫,೩೨೦.

ಜೂನಿನಲ್ಲಿ ನಿರ್ಬಂಧಗಳು ಸಡಿಲಿದ ಮೇಲೆ ಅಷ್ಟು ಹಣವನ್ನು ಲಕೋಟೆಯಲ್ಲಿಟ್ಟುಕೊಂಡು ಆಕೆಯ ಮನೆಗೆ ಹೋದೆ. ಹೊಸ್ತಿಲಾಚೆ ನಿಂತು ನಡೆದುದನ್ನೆಲ್ಲ ಹೇಳಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮ್ಮ ದುಡ್ಡು ಬೇಡ ಸಾರ್. ಅದು ನನ್ನದಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ. ಗೈರು ಅಂತ ಬರೆಯುವ ಮುಂಚೆ ನನ್ನನ್ನು ಒಂದು ಮಾತು ಕೇಳಬೇಕಾಗಿತ್ತು" ಎಂದಳು. ಸ್ವಲ್ಪ ತಡೆದು, "ಕಾಫಿ ಕುಡಿದು ಹೋಗಿ" ಎಂದು ಸೇರಿಸಿದಳು. ಆ ಕಾಫಿ ಗಂಟಲಿನಲ್ಲಿ ಇಳಿಯಲು ಕಷ್ಟವಾಯಿತು.

ಅಂದಿನಿಂದ ಒಂದು ಪದ್ಧತಿಯನ್ನಿಟ್ಟುಕೊಂಡಿದ್ದೇನೆ. ಪ್ರತಿ ತಿಂಗಳೂ ಸಂಬಳದ ಚೀಟಿಯ ಕೆಳಗೆ ಕೆಂಪು ಶಾಯಿಯಲ್ಲಿ, ಆವರೆಗೆ ಎಷ್ಟು ದಿನಗಳ ವಂತಿಗೆ ಸಂದಿದೆಯೆಂದು ಬರೆಯುತ್ತೇನೆ. ಯಾರಾದರೂ ಬರದಿದ್ದರೆ 'ಗೈರು' ಎಂದು ಬರೆಯುವ ಮುನ್ನ ಫೋನು ಮಾಡಿ ಕಾರಣ ಕೇಳುತ್ತೇನೆ. ಅಕ್ಕ ಚೀಟಿಯನ್ನು ಕೈಗೆತ್ತಿಕೊಂಡಾಗಲೆಲ್ಲ ಮೊದಲು ನೋಡುವುದು ಸಂಬಳವನ್ನಲ್ಲ, ಆ ಕೆಂಪು ಅಂಕಿಯನ್ನು. ನೋಡಿ, ಮಡಿಸಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಳ್ಳುತ್ತಾಳೆ.