ಮನೆಯ ನಾಣ್ಯಕ್ಕೆ ಬೆಲೆ ಕಟ್ಟಿಸಿದುದು

ಹಳೆಯ ಮನೆಗಳಲ್ಲಿ ದೇವರ ಗೂಡಿನೊಂದಿಗೆ ಒಂದು ಕಥೆಯೂ ಇರುವುದು ವಾಡಿಕೆ. ಆ ಕಥೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಪರೀಕ್ಷಿಸಬೇಕೆಂದು ಯಾರಿಗೂ ತೋರುವುದೂ ಇಲ್ಲ. ನಮ್ಮ ಮನೆಯಲ್ಲಿಯೂ ಅಂತಹುದೊಂದು ಕಥೆ ಇದ್ದಿತು. ಅದನ್ನು ಪರೀಕ್ಷೆಗೆ ಒಯ್ದವನು ನಾನೇ. ಅದರ ಫಲವನ್ನು ವಾಚಕರ ಮುಂದಿಟ್ಟರೆ ನಮ್ಮಂತಹ ಬೇರೊಬ್ಬ ಗೃಹಸ್ಥರಿಗೆ ಉಪಯೋಗವಾದೀತೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನ ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಬೆಳ್ಳಿಯ ಭರಣಿಯಿದೆ. ಅದರೊಳಗೆ ಒಂದು ನಾಣ್ಯವಿದೆಯೆಂದೂ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಲೆಕ್ಕ ಬರೆಯುತ್ತಿದ್ದ ನಮ್ಮ ಪೂರ್ವಿಕರೊಬ್ಬರಿಗೆ ಅದು ಬಹುಮಾನವಾಗಿ ಬಂದಿತೆಂದೂ, ಅದರ ಮೇಲೆ ದೇವದಂಪತಿಗಳು ಕುಳಿತಿರುವರೆಂದೂ ನಮ್ಮ ತಾತ ಹೇಳುತ್ತಿದ್ದರು. ಮಕ್ಕಳು ಭರಣಿಯನ್ನು ಮುಟ್ಟುವಂತಿರಲಿಲ್ಲ. 2021ರಲ್ಲಿ ನಮ್ಮ ತಾಯಿ ತೀರಿಕೊಂಡ ಮೇಲೆಯೇ ನಾನು ಅದನ್ನು ಮೊದಲ ಸಲ ತೆರೆದುದು. ಒಳಗೆ ತಾಮ್ರದ ದೊಡ್ಡ ಬಿಲ್ಲೆಯೊಂದಿದ್ದಿತು. ಒಂದು ಮುಖದಲ್ಲಿ ಶ್ರೀರಾಮ ಪಟ್ಟಾಭಿಷೇಕ. ಇನ್ನೊಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಅರಮನೆಯ ಬಹುಮಾನದ ಮೇಲೆ ಕಂಪನಿಯ ಹೆಸರೇಕೆ ಎಂಬ ಪ್ರಶ್ನೆ ನನಗೂ ಹೊಳೆಯದಿರಲಿಲ್ಲ. ಆದರೆ ನಂಬಬೇಕೆಂದಿರುವವನಿಗೆ ಸಮಾಧಾನ ಹುಡುಕುವುದು ಕಷ್ಟವಲ್ಲ. ಆಗ ಕಂಪನಿಯ ರೆಸಿಡೆಂಟನು ಮೈಸೂರಿನಲ್ಲಿಯೇ ಇದ್ದನಲ್ಲವೆ ಎಂದು ನನಗೆ ನಾನೇ ಹೇಳಿಕೊಂಡೆನು.

ತಾಯಿ ಹೋಗುವ ಮೊದಲು ತಮ್ಮಲ್ಲಿದ್ದುದನ್ನು ಹಂಚಿದ್ದರು. ಭರಣಿ ಹಿರಿಯ ಮಗನಾದ ನನಗೆ. ಏಳು ಬೆಳ್ಳಿಯ ರೂಪಾಯಿಗಳ ಸರ ತಂಗಿಗೆ. ಒಂದು ಜೊತೆ ದೀಪದ ಕಂಬ ತಮ್ಮನಿಗೆ. ವರ್ಷಾಂತಿಕ ಮುಗಿಯುವುದರೊಳಗೆ ತಮ್ಮನು ತನ್ನ ಮೊಬೈಲಿನಲ್ಲಿ ಒಂದು ಸುದ್ದಿಯನ್ನು ತೋರಿಸಿದನು. ಅಂತಹ ನಾಣ್ಯಕ್ಕೆ ಹತ್ತು ಲಕ್ಷ ರೂಪಾಯಿ ಕೊಡುವವರಿದ್ದಾರೆಂದು ಅದರಲ್ಲಿ ಬರೆದಿದ್ದಿತು. ಅವನಿಗೆ ಮಗಳ ವಿದ್ಯಾಭ್ಯಾಸದ ಚಿಂತೆ. “ಮಾರಿ ಮೂವರೂ ಹಂಚಿಕೊಳ್ಳೋಣ, ಅಣ್ಣ” ಎಂದನು. “ದೇವರನ್ನು ಮಾರುವ ಮನೆತನ ನಮ್ಮದಲ್ಲ” ಎಂದು ನಾನು ಗಡುಸಾಗಿ ನುಡಿದೆನು. ಆ ಮಾತಿನಲ್ಲಿ ಭಕ್ತಿ ಎಷ್ಟಿದ್ದಿತೋ ನನ್ನದೆಂಬ ಹೆಮ್ಮೆಯೂ ಅಷ್ಟೇ ಇದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಅಂದಿನಿಂದ ತಮ್ಮನು ನಮ್ಮ ಮನೆಗೆ ಬರುವುದನ್ನು ಬಿಟ್ಟನು. ಹಬ್ಬಗಳು ಬಂದುವು, ಹೋದುವು.

ಇಂಗ್ಲೆಂಡಿನಲ್ಲಿ ಜನರು ಮನೆಯ ಹಳೆಯ ವಸ್ತುಗಳನ್ನು ತಂದು ತಜ್ಞರಿಗೆ ತೋರಿಸಿ ಬೆಲೆ ಕಟ್ಟಿಸಿಕೊಳ್ಳುವ ಕಾರ್ಯಕ್ರಮವೊಂದನ್ನು ಬಿ.ಬಿ.ಸಿ.ಯವರು 1979ರಿಂದ ದೂರದರ್ಶನದಲ್ಲಿ ತೋರಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಅಂತಹ ಕೆಲಸವು ನಾಣ್ಯಪ್ರದರ್ಶನಗಳಲ್ಲಿ ಅಷ್ಟಿಷ್ಟು ನಡೆಯುತ್ತದೆ. ಬೆಂಗಳೂರಿನ ಅಂತಹ ಪ್ರದರ್ಶನವೊಂದರಲ್ಲಿ ಸಾರ್ವಜನಿಕರು ತಂದುದನ್ನು ಬಲ್ಲವರು ಉಚಿತವಾಗಿ ನೋಡಿ ಹೇಳುವರೆಂದು ತಿಳಿದು, ಒಂದು ಭಾನುವಾರ ನಾನು ರೈಲು ಹತ್ತಿದೆನು. ತಂಗಿಯು ತನ್ನ ಸರವನ್ನೂ ಕೊಟ್ಟು, “ಅಣ್ಣ, ಇದನ್ನೂ ತೋರಿಸಿಕೊಂಡು ಬಾ” ಎಂದಿದ್ದಳು.

ಸಭಾಂಗಣದ ಒಂದು ಮೂಲೆಯಲ್ಲಿ ಮೇಜು. ಅದರ ಮುಂದೆ ಉದ್ದನೆಯ ಸಾಲು. ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಗಂಟು. ನನ್ನ ಮುಂದಿದ್ದ ತರುಣನು ಆನೆಯ ಚಿತ್ರವಿದ್ದ ತಾಮ್ರದ ಕಾಸನ್ನು ತಂದಿದ್ದನು. ತಜ್ಞರು ಭೂತಗನ್ನಡಿಯಲ್ಲಿ ನೋಡಿ, ಅದು ಟಿಪ್ಪು ಸುಲ್ತಾನನ ಕಾಲದ್ದು, ಶ್ರೀರಂಗಪಟ್ಟಣದ ಟಂಕಸಾಲೆಯದು ಎಂದರು; ಅವನು ಜಾರಿಗೆ ತಂದ ಹೊಸ ಶಕದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ತೋರಿಸಿಕೊಟ್ಟರು. ಹುಡುಗನ ಮುಖ ಅರಳಿತು. ಅವನ ಹಿಂದೆ ಒಬ್ಬ ವೃದ್ಧೆ ಜರಿಯ ಸೀರೆಯುಡಿಸಿದ ಲಕ್ಷ್ಮಿಯ ಪಟವನ್ನು ಎದೆಗವಚಿಕೊಂಡು ನಿಂತಿದ್ದಳು. 1894ರಲ್ಲಿ ರವಿವರ್ಮರು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಪಟವೆಂದು ಆಕೆಯ ನಂಬಿಕೆ. ಕಲ್ಲಚ್ಚಿನ ಪಟದಲ್ಲಿ ಬಣ್ಣಗಳು ಒಂದರ ಮೇಲೊಂದು ಬೇರೆ ಬೇರೆ ಕಲ್ಲುಗಳಿಂದ ಬಿದ್ದಿರುತ್ತವೆ. ಇದರಲ್ಲಿ ಬಣ್ಣದ ಚುಕ್ಕೆಗಳು ಸಾಲುಸಾಲಾಗಿ ಕ್ರಮವಾಗಿವೆ. ಆದುದರಿಂದ ಇದು ಈಚಿನ ಅಚ್ಚು ಎಂದು ತಜ್ಞರು ಮೃದುವಾಗಿ ತಿಳಿಸಿದರು. ಆಕೆ “ಹಾಗೇನು?” ಎಂದು ಪಟಕ್ಕೆ ಕೈಮುಗಿದು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡಳು.

ನನ್ನ ಸರದಿ ಬಂದಿತು. ಮೊದಲು ತಂಗಿಯ ಸರವನ್ನು ಮುಂದಿಟ್ಟೆನು. ಏಳರಲ್ಲಿ ಐದು ವಿಕ್ಟೋರಿಯಾ ರಾಣಿಯವು, ಒಂದೊಂದೂ 11.66 ಗ್ರಾಂ ತೂಗುವ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿರುವ ರೂಪಾಯಿಗಳು. ಅವುಗಳಲ್ಲಿ ಎರಡರ ಮೇಲೆ 1862 ಎಂದಿದ್ದಿತು. ಆ ಇಸವಿಯನ್ನು 1874ರ ವರೆಗೂ ಬದಲಾಯಿಸದೆ ಅಚ್ಚು ಹಾಕುತ್ತಿದ್ದರೆಂದು ಅಲ್ಲಿ ತಿಳಿಯಿತು. ಉಳಿದೆರಡು 1944ರವು, ಅವುಗಳಲ್ಲಿ ಅರ್ಧ ಮಾತ್ರ ಬೆಳ್ಳಿ. “ಕೊಂಡಿ ಬೆಸೆದಿರುವುದರಿಂದ ಸಂಗ್ರಹಕಾರರು ಇವುಗಳಿಗೆ ಹೆಚ್ಚು ಕೊಡುವುದಿಲ್ಲ, ಬೆಳ್ಳಿಯ ಬೆಲೆಗೆ ಮೋಸವಿಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದ್ದೀರಿ, ಅಲ್ಲವೆ? ಇನ್ನು ಮೇಲೆ ಉಜ್ಜಬೇಡಿ, ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ” ಎಂದರು. ಪ್ರತಿ ದೀಪಾವಳಿಗೂ ತಾಯಿ ಆ ಸರವನ್ನು ಥಳಥಳಿಸುವಂತೆ ತೊಳೆಯುತ್ತಿದ್ದುದು ನೆನಪಾಯಿತು.

ಅನಂತರ ಭರಣಿಯನ್ನು ತೆರೆದೆನು. ಆ ಮಹನೀಯರು ಭೂತಗನ್ನಡಿಯನ್ನು ಎತ್ತಿಕೊಳ್ಳಲೇ ಇಲ್ಲ. “ಸ್ವಾಮಿ, ಇಂದು ಬೆಳಗಿನಿಂದ ಇದು ಆರನೆಯದು” ಎಂದರು. ಮದರಾಸಿನಲ್ಲಿ ಕಂಪನಿಯವರು ಹೊರಡಿಸಿದ ಚಿನ್ನದ ವರಹಗಳ ಮೇಲೆ ವಿಷ್ಣುವಿನ ರೂಪವಿದ್ದುದುಂಟು. ಆದರೆ ರಾಮಪಟ್ಟಾಭಿಷೇಕದ ಇಂತಹ ಬಿಲ್ಲೆಯನ್ನು ಕಂಪನಿ ಎಂದೂ ಅಚ್ಚು ಹಾಕಲಿಲ್ಲ. ಭಕ್ತರು ಪೂಜೆಗೆ ಇಟ್ಟುಕೊಳ್ಳುತ್ತಿದ್ದ ರಾಮಟಂಕೆಗಳು ಹಿಂದಿನಿಂದಲೂ ಇವೆ. ಅವುಗಳನ್ನು ಅನುಕರಿಸಿ, ಕಂಪನಿಯ ಹೆಸರನ್ನೂ 1616, 1717, 1818 ಮುಂತಾದ ಇಸವಿಗಳನ್ನೂ ಸೇರಿಸಿ ಈಚೆಗೆ ಪೇಟೆಯಲ್ಲಿ ಮಾಡಿ ಮಾರಿದ ಬಿಲ್ಲೆಗಳಿವು. ಇಂತಹುವು ಅಕ್ಕಿಯ ಕಾಳನ್ನು ಸೆಳೆಯುತ್ತವೆಂದೂ, ಅದಕ್ಕೆ ಕೋಟಿಗಟ್ಟಲೆ ಬೆಲೆಯುಂಟೆಂದೂ ನಂಬಿಸಿ, ಪರೀಕ್ಷೆಯ ವೆಚ್ಚವೆಂದು ಮುಂಗಡ ಹಣ ಕಿತ್ತುಕೊಳ್ಳುವ ವಂಚಕರ ಗುಂಪುಗಳೇ ಇವೆಯಂತೆ. ಅವರು ಮೊದಲೇ ಕಾಳಿಗೆ ಕಬ್ಬಿಣದ ಪುಡಿ ಸೇರಿಸಿ, ಬಿಲ್ಲೆಯ ಬಳಿ ಅಯಸ್ಕಾಂತವನ್ನು ಅಡಗಿಸಿಡುವುದುಂಟು. “ನಿಮ್ಮ ಮನೆಗೆ ಅರಮನೆಯಿಂದಲೇ ಬಂದುದಾದರೆ ಕಂಪನಿಯ ಹೆಸರು ಏಕಿರಬೇಕು? ಮುಮ್ಮಡಿಯವರ ವರಹದ ಮೇಲೆ ಶಿವಪಾರ್ವತಿಯರು ಕುಳಿತಿರುತ್ತಾರೆ. ಹಿಂದೆ ನಾಗರಿಯಲ್ಲಿ ಶ್ರೀಕೃಷ್ಣರಾಜ ಎಂದಿರುತ್ತದೆ. ಅದು ಸುಮಾರು ಮೂರೂವರೆ ಗ್ರಾಂ ತೂಗುವ ಚಿಕ್ಕ ಚಿನ್ನದ ನಾಣ್ಯ” ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ರೈಲಿನಲ್ಲಿ ಹಿಂದಿರುಗುವಾಗ ಬೆಲೆ ಹೋದುದಕ್ಕಾಗಿ ನಾನು ದುಃಖಿಸಲಿಲ್ಲ. ಎರಡು ರೂಪಾಯಿನ ಬಿಲ್ಲೆಗಾಗಿ ಒಡಹುಟ್ಟಿದವನನ್ನು ಮೂರು ವರ್ಷ ದೂರವಿಟ್ಟೆನಲ್ಲ ಎಂಬ ನಾಚಿಕೆಯೇ ಹೆಚ್ಚಾಗಿದ್ದಿತು. ಅದಕ್ಕಿಂತ ದೊಡ್ಡ ಸಂಕಟ ಮನೆಯಲ್ಲಿ ಕಾದಿದ್ದಿತು. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಯೇ ಇದ್ದು, ನಮ್ಮನ್ನೆಲ್ಲ ಎತ್ತಿ ಆಡಿಸಿದ ನಮ್ಮ ಸೋದರತ್ತೆಗೆ ಈಗ ಎಂಬತ್ತೇಳು ವಯಸ್ಸು. ಪ್ರತಿದಿನವೂ ಆ ಭರಣಿಗೆ ಹೂವಿಡುವವರು ಅವರೇ. ಅವರಿಗೆ ಏನೆಂದು ಹೇಳುವುದು? ಸುಳ್ಳು ಹೇಳಬೇಕೆಂದು ನಿಶ್ಚಯಿಸಿಕೊಂಡೇ ಮನೆಯ ಮೆಟ್ಟಿಲು ಹತ್ತಿದೆನು.

ಅತ್ತೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದರು. “ಏನಂದರಪ್ಪಾ?” ಎಂದರು. “ಬಹಳ ಹಳೆಯದಂತೆ, ಅತ್ತೆ” ಎಂದೆನು. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ನಕ್ಕುಬಿಟ್ಟರು.

“ಹಳೆಯದು ಹೇಗಾದೀತು ಮಗು? ಅದನ್ನು ನಿಮ್ಮಮ್ಮನೂ ನಾನೂ ನಂಜನಗೂಡಿನಲ್ಲಿ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಎರಡು ರೂಪಾಯಿ ಕೊಟ್ಟು ತಂದೆವಲ್ಲ!”

ಬಳಿಕ ಅವರು ಹೇಳಿದುದಿಷ್ಟು. 1971ರಲ್ಲಿ ನನ್ನ ಕಾಲೇಜಿನ ಶುಲ್ಕ ಕಟ್ಟುವ ಕಡೆಯ ದಿನ ಬಂದಿದ್ದಿತು. ತಂದೆಯವರು ಕೇಳಬಾರದವರನ್ನೆಲ್ಲ ಕೇಳಿ ಬರಿಗೈಯಲ್ಲಿ ಹಿಂದಿರುಗಿದ್ದರು. ಆ ರಾತ್ರಿ ಮೂವರೂ ಕೂಡಿ ಭರಣಿಯಲ್ಲಿದ್ದ ಚಿನ್ನದ ವರಹವನ್ನು ಮಾರುವುದೆಂದು ತೀರ್ಮಾನಿಸಿದರು. ಬೆಳಿಗ್ಗೆ ಚಿನಿವಾರರ ಅಂಗಡಿಯಲ್ಲಿ 60 ರೂಪಾಯಿ ಬಂದಿತು. ನನಗೆ ತಿಳಿದರೆ ಓದಿನಲ್ಲಿ ಮನಸ್ಸು ನಿಲ್ಲದೆಂದು ಯಾರೂ ಹೇಳಲಿಲ್ಲ. ದೇವರ ಭರಣಿ ಬರಿದಾಗಿರಬಾರದೆಂದು ರಾಮನ ಬಿಲ್ಲೆಯನ್ನು ತಂದಿಟ್ಟರು. “ಅದರಲ್ಲಿ ಕುಳಿತಿದ್ದವರು ಶಿವಪಾರ್ವತಿಯರು. ಇದರಲ್ಲಿ ಕುಳಿತಿರುವವರು ಸೀತಾರಾಮರು. ಇಷ್ಟೇ ವ್ಯತ್ಯಾಸ” ಎಂದು ಅತ್ತೆ ಮತ್ತೆ ಬತ್ತಿಗೆ ಕೈ ಹಾಕಿದರು.

ನಮ್ಮ ತಾತ ಹೇಳಿದ ಕಥೆ ನಿಜವಾಗಿದ್ದಿತು. ನಾಣ್ಯ ಮಾತ್ರ ಬೇರೆ. ಆ ನಿಜವಾದ ನಾಣ್ಯವನ್ನು ಐವತ್ತು ವರ್ಷಗಳ ಹಿಂದೆಯೇ ನಾನೊಬ್ಬನೇ ಖರ್ಚು ಮಾಡಿಬಿಟ್ಟಿದ್ದೆನು. ಆ ಓದಿನಿಂದ ಬಂದ ಉದ್ಯೋಗ, ಆ ಉದ್ಯೋಗದಿಂದ ಕಟ್ಟಿದ ಮನೆ, ಎಲ್ಲವೂ ಆ ಭರಣಿಯಿಂದ ಬಂದುದೇ. ಹಿರಿಯನೆಂದು ನನಗೆ ಬಂದ ಪಾಲನ್ನು ತಿಳಿಯದೆಯೇ ಉಂಡು, ಇನ್ನೊಂದು ಪಾಲಿಗಾಗಿ ತಮ್ಮನೊಂದಿಗೆ ಜಗಳವಾಡಿದ್ದೆನು.

ಅಂದಿನ ರಾತ್ರಿಯೇ ತಮ್ಮನಿಗೆ ದೂರವಾಣಿ ಮಾಡಿ, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದೆನು. “ವರಹದಲ್ಲಿ ನಿನಗೂ ತಂಗಿಗೂ ಪಾಲು ಇದ್ದಿತು. ನಿನ್ನ ಮಗಳ ಕಾಲೇಜಿನ ಶುಲ್ಕ ಈ ವರ್ಷದಿಂದ ನನ್ನದು. ತಂಗಿಗೆ ಸಲ್ಲಬೇಕಾದುದನ್ನು ಅವಳೊಂದಿಗೆ ಮಾತನಾಡಿ ತೀರಿಸುತ್ತೇನೆ” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಮ್ಮ ಎರಡು ರೂಪಾಯಿಗೆ ಚೌಕಾಸಿ ಮಾಡಿದ್ದಳಂತೆಯೆ?” ಎಂದು ಕೇಳಿದನು. ಮೂರು ವರ್ಷಗಳ ತರುವಾಯ ಇಬ್ಬರೂ ಒಟ್ಟಿಗೆ ನಕ್ಕೆವು. ದೀಪಾವಳಿಗೆ ಅವನ ಸಂಸಾರ ನಮ್ಮ ಮನೆಗೆ ಬಂದಿತು.

ಮನೆಯ ಹಳೆಯ ವಸ್ತುಗಳನ್ನು ಬಲ್ಲವರಿಗೆ ತೋರಿಸುವುದು ಒಳ್ಳೆಯದೇ. ನೂರು ವರ್ಷ ದಾಟಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಕಾನೂನು ನಿಷೇಧಿಸುತ್ತದೆಂಬುದನ್ನೂ, ಬೆಲೆ ಹೇಳುವ ಮೊದಲೇ ಹಣ ಕೇಳುವವನು ನಂಬತಕ್ಕವನಲ್ಲವೆಂಬುದನ್ನೂ ಗೃಹಸ್ಥರು ನೆನಪಿಡಬೇಕು. ಆದರೆ ತಜ್ಞರ ಬಳಿಗೆ ಹೋಗುವ ಮೊದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ನಾನು ಕೇಳಿದ್ದರೆ ರೈಲಿನ ಖರ್ಚು ಉಳಿಯುತ್ತಿದ್ದಿತು. ಮೂರು ದೀಪಾವಳಿಗಳೂ ಉಳಿಯುತ್ತಿದ್ದುವು.

ಭರಣಿ ಇದ್ದಲ್ಲಿಯೇ ಇದೆ. ಅತ್ತೆ ಈಗಲೂ ಅದಕ್ಕೆ ಹೂವಿಡುತ್ತಾರೆ.